ಶಾಸಕನಾದ ಮೇಲೂ ಬೀದಿ ದೀಪದ್ದೇ ಫೋನು

2005ರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತೆ. ಆ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಅಲ್ವಾ? ಯಾರು ಯಾವ ಪಕ್ಷ ಅಂತ ಊರಿಗೆಲ್ಲ ಗೊತ್ತು, ಮತಪತ್ರಕ್ಕೆ ಮಾತ್ರ ಗೊತ್ತಿಲ್ಲ. ನನಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತ್ತು. ಹನ್ನೊಂದು ಮತದಲ್ಲಿ ಗೆದ್ದೆ.

ಮೂರನೇ ತಿಂಗಳಿಗೆ ಕುಡಿಯುವ ನೀರಿನ ಬೋರ್‌ವೆಲ್ ಮೋಟಾರ್ ಸುಟ್ಟಿತು. ವಾರದಲ್ಲಿ ಊರ ಹಬ್ಬ. ರಿಪೇರಿಗೆ ದುಡ್ಡು ತೆಗೆಯಬೇಕೆಂದರೆ ಸಭೆ ಆಗಬೇಕು, ನಡಾವಳಿ ಬರೆಯಬೇಕು, ಅಧ್ಯಕ್ಷರೂ ಕಾರ್ಯದರ್ಶಿಯೂ ಚೆಕ್ಕಿಗೆ ಸಹಿ ಹಾಕಬೇಕು. ಸಭೆಗೆ ಬೇಕಾದಷ್ಟು ಸದಸ್ಯರೇ ಬರಲಿಲ್ಲ, ಕೋರಂ ಆಗಲಿಲ್ಲ. ನನ್ನ ಮನೆ ಮುಂದೆ ಖಾಲಿ ಬಿಂದಿಗೆಗಳ ಸಾಲು. ಸಿಟ್ಟಿನಲ್ಲಿ ಕೈಯಿಂದಲೇ ದುಡ್ಡು ಹಾಕಿ ರೀವೈಂಡಿಂಗ್ ಮಾಡಿಸಿದೆ. ಹೀರೋ ಆದೆ ಅಂದುಕೊಂಡೆ. ನೀರುಗಂಟಿ ನಕ್ಕುಬಿಟ್ಟ. "ಅಣ್ಣಾ, ಇನ್ಮೇಲೆ ಮೋಟಾರ್ ಸುಟ್ಟರೆ ಜನ ಪಂಚಾಯ್ತಿಗೆ ಹೋಗಲ್ಲ, ನಿಮ್ಮನೆಗೇ ಬರ್ತಾರೆ." ಬಂದರು. ನಾನು ಹಾಕಿದ ದುಡ್ಡು ವಾಪಸ್ ಬರಲಿಲ್ಲ, ನಡಾವಳಿಯೇ ಇರಲಿಲ್ಲವಲ್ಲ.

2010ರ ಕೊನೆಗೆ ಜಿಲ್ಲಾ ಪಂಚಾಯ್ತಿಗೆ ಬಂದೆ. ಕ್ರಿಯಾ ಯೋಜನೆ, ಅಂದಾಜು ಪಟ್ಟಿ ಓದುವುದನ್ನು ಕಲಿತದ್ದು ಅಲ್ಲಿ. 2018ರಲ್ಲಿ ವಿಧಾನಸಭೆಗೆ ನಿಂತು ಸೋತೆ, 2023ರಲ್ಲಿ ಗೆದ್ದೆ.

ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ಮೊದಲ ಕೆಡಿಪಿ ಸಭೆಯಲ್ಲಿ ಎಂಜಿನಿಯರೊಬ್ಬರು, ಒಂದು ಹಳ್ಳಿಯ ಮನೆ ಮನೆ ನಲ್ಲಿ ಕೆಲಸ ಪೂರ್ತಿ ಮುಗಿದಿದೆ ಎಂದು ಓದಿದರು. "ಟ್ಯಾಂಕಿಗೆ ನೀರು ಹತ್ತಿಸುವ ಮೋಟಾರಿಗೆ ಕರೆಂಟ್ ಮೀಟರ್ ಕೂತಿದೆಯಾ?" ಅಂತ ಕೇಳಿದೆ. ಅವರು ಕಾಗದ ತಿರುವಿಹಾಕತೊಡಗಿದರು. ಮೀಟರ್ ಕೂತಿರಲಿಲ್ಲ. ನಲ್ಲಿ ಇದೆ, ನೀರಿಲ್ಲ. ಸುಟ್ಟ ಮೋಟಾರ್ ಹೊತ್ತು ಓಡಾಡಿದವನಿಗೆ ಈ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ.

ಕಷ್ಟ ಆಗಿದ್ದು ಬೇರೆಯದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದ್ದೇ ಕಾರುಬಾರು. ನಡುವಿನ ಮೆಟ್ಟಿಲೇ ಇಲ್ಲದಿದ್ದರೆ ಜನ ಸೀದಾ ಶಾಸಕರ ಮನೆಗೆ ಬರುತ್ತಾರೆ. ಎಷ್ಟೋ ಶಾಸಕರಿಗೆ ಇದರಿಂದ ಒಳಗೊಳಗೇ ಖುಷಿ. ಸುಮ್ನೆ ಯಾಕೆ ಸುಳ್ಳು ಹೇಳಲಿ, ಮೊದಲ ಆರು ತಿಂಗಳು ನನಗೂ ಇತ್ತು.

ಮೊನ್ನೆ ರಾತ್ರಿ ಹತ್ತೂವರೆಗೆ ಒಬ್ಬ ಅಜ್ಜಿ ಫೋನು ಮಾಡಿಸಿದರು. ಅವರ ಬೀದಿಯಲ್ಲಿ ದೀಪ ಇಲ್ಲ. ನಮ್ಮ ಹುಡುಗರನ್ನು ಕಳಿಸಿ ಬಲ್ಬು ಹಾಕಿಸುವುದು ಹತ್ತು ನಿಮಿಷದ ಕೆಲಸ. ಆದರೆ ಆ ವಾರ್ಡಿನ ಪಂಚಾಯ್ತಿ ಸದಸ್ಯನಿಗೆ ಫೋನು ಮಾಡಿದೆ. ಚುನಾವಣೆಯಲ್ಲಿ ಅವನು ನನ್ನ ವಿರುದ್ಧ ಓಡಾಡಿದವನು. "ಹೇಳಿ ಸಾರ್" ಅಂದ, ಬಿಗಿಯಾಗಿ. ಹೇಳಿದೆ.

ಮಾರನೇ ದಿನ ಸಂಜೆ ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಉರಿಯುವ ದೀಪ, ಪಕ್ಕದಲ್ಲಿ ಅವನು, ಕೆಳಗೆ ಅವನ ಹೆಸರು ದಪ್ಪಕ್ಷರದಲ್ಲಿ. ನನ್ನ ಹೆಸರು ಎಲ್ಲೂ ಇಲ್ಲ. ನನ್ನ ಪಿಎಗೆ ಸಿಟ್ಟು ಬಂತು. "ಇರಲಿ ಬಿಡಪ್ಪಾ," ಅಂದೆ, "ದೀಪ ಹತ್ತಿದೆಯಾ ನೋಡು."