ಗುಬ್ಬಿ ಹಿಡಿಯದೆ ಬ್ಲೂಬರ್ಡ್ ಮರಿ ಹಾರಿಸಿದ್ದು: ನನ್ನ ಅನುಭವ

ಎಂಟು ಮರಿ. ಬ್ಲೂಬರ್ಡ್ ಅಂದರೆ ಇಲ್ಲಿಯ ಪುಟ್ಟ ನೀಲಿ ಹಕ್ಕಿ, ನಾವು ಇಟ್ಟ ಮರದ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತದೆ. ಅದೇ ಪೆಟ್ಟಿಗೆಗೆ ಗುಬ್ಬಿ ನುಗ್ಗಿ ಮರಿ ಕೊಲ್ಲುತ್ತದೆ. ಒಂದೇ ಪೆಟ್ಟಿಗೆ, ಒಂದೇ ಸೀಸನ್, ಎರಡು ಗೂಡು. ಒಂದೂ ಗುಬ್ಬಿಯನ್ನು ಹಿಡಿದಿಲ್ಲ, ಕೊಂದಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಕಾಲು ಎಕರೆ ಜಾಗ, ಅದರಲ್ಲೇ ಮನೆ. ಹಿಂದಿನ ರಸ್ತೆಯಲ್ಲಿ ಅಂಗಡಿ ಸಾಲು, ಅಲ್ಲಿಂದ ನಮ್ಮ ಹಿತ್ತಲಿನವರೆಗೂ ಗುಬ್ಬಿಗಳದ್ದೇ ರಾಜ್ಯ. ಇಲ್ಲಿ ವರ್ಷಾನುಗಟ್ಟಲೆ ಪೆಟ್ಟಿಗೆ ಇಟ್ಟು ಪಳಗಿದವರು ಒಬ್ಬರಲ್ಲ, ಮೂವರು ನನಗೆ ಒಂದೇ ಮಾತು ಹೇಳಿದ್ದರು: ಟ್ರ್ಯಾಪ್ ಇಡು, ಆಗಲ್ಲ ಅಂದರೆ ಪೆಟ್ಟಿಗೆ ಬಿಚ್ಚಿಡು, ಸುಮ್ನೆ ಬ್ಲೂಬರ್ಡನ್ನು ಕರೆದು ಸಾಯಿಸಬೇಡ. ಅವರ ಮಾತಿನಲ್ಲಿ ಸತ್ಯ ಇತ್ತು. ಆ ಸತ್ಯವನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ಆದರೆ ಗುಬ್ಬಿ ಹಿಡಿದು ಕೊಲ್ಲುವುದು ನನ್ನ ಕೈಲಿ ಆಗಲಿಲ್ಲ. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. 1850ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟ ಹೊರಗಿನ ಹಕ್ಕಿ ಅದು. ಬ್ಲೂಬರ್ಡಿಗೆ 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇದೆ, ಗುಬ್ಬಿಗೆ ಇಲ್ಲ. ಎಲ್ಲ ಗೊತ್ತು. ಆದರೂ ಹಾಸನದ ನಮ್ಮ ಹೆಂಚಿನ ಮನೆಯಲ್ಲಿ, ದೇವರ ಫೋಟೋ ಹಿಂದೆ ಗೂಡು ಕಟ್ಟಿದ ಗುಬ್ಬಿಗೆ ಅಂತ ಅಮ್ಮ ಬೇಸಿಗೆಯಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳು ನಾನು.

ಮೊದಲ ವರ್ಷ, 2022. ದೊಡ್ಡ ಅಂಗಡಿಯೊಂದರಲ್ಲಿ ಇಪ್ಪತ್ತೈದು ಡಾಲರಿಗೆ ಚೆಂದದ ಪೆಟ್ಟಿಗೆ ತಂದೆ. ತೆಳು ಹಲಗೆ, ಮುಂದೆ ಕೂರಲು ಒಂದು ಕಡ್ಡಿ, ತೆಗೆದು ನೋಡಲು ಬಾಗಿಲೇ ಇಲ್ಲ. ಈಗ ಅಂಥದ್ದನ್ನು ಯಾರ ಮನೆಯಲ್ಲಿ ನೋಡಿದರೂ ಕಡ್ಡಿಯನ್ನಾದರೂ ಮುರಿದು ಹಾಕಿ ಎನ್ನುತ್ತೇನೆ, ಅದು ಬೇಕಿರುವುದು ಗುಬ್ಬಿಗೇ ಹೊರತು ಬ್ಲೂಬರ್ಡಿಗಲ್ಲ. ಅದನ್ನು ಪೈನ್ ಮರಕ್ಕೆ ಹೊಡೆದೆ. ಏಪ್ರಿಲ್‌ನಲ್ಲಿ ಬ್ಲೂಬರ್ಡ್ ಜೋಡಿ ಬಂತು, ಗೂಡೂ ಕಟ್ಟಿತು. ಒಂದು ಬೆಳಗ್ಗೆ ನೋಡಿದರೆ ತೂತಿನಿಂದ ಹಾವಿನ ಬಾಲ ನೇತಾಡುತ್ತಿದೆ. ಇಲ್ಲಿಯ ಕಪ್ಪು ರ‍್ಯಾಟ್‌ಸ್ನೇಕ್, ನಮ್ಮ ಕೆರೆಹಾವಿನ ದಾಯಾದಿ. ಮರ ಹತ್ತುವುದು ಅದಕ್ಕೆ ಮೆಟ್ಟಿಲು ಹತ್ತಿದ ಹಾಗೆ. ಹೆಣ್ಣು ಹಕ್ಕಿ ಎರಡು ದಿನ ಪೆಟ್ಟಿಗೆಯ ಮೇಲೆ ಬಂದು ಬಂದು ಕೂತಿತ್ತು. ಮೂರನೇ ದಿನ ಬರಲಿಲ್ಲ.

2023ರಲ್ಲಿ ಹಾವಿನ ಮೇಲಿನ ಸಿಟ್ಟಿಗೆ ಖರ್ಚು ನೋಡಲಿಲ್ಲ. ಸೀಡರ್ ಮರದ ಪೆಟ್ಟಿಗೆ ನಲವತ್ತು ಡಾಲರ್ ಆಯಿತು. ಒಂದೂವರೆ ಇಂಚಿನ ತೂತು, ಪಕ್ಕದಲ್ಲಿ ತೆರೆಯುವ ಬಾಗಿಲು. ಪೆಟ್ಟಿಗೆ ಕೂರಿಸಲು ಕಂಬದ ಹಾಗೆ ಎಲೆಕ್ಟ್ರಿಕಲ್ ಕಾಂಡ್ಯುಟ್ ಪೈಪು, ಅದನ್ನು ನಿಲ್ಲಿಸಲು ನೆಲಕ್ಕೆ ಹೊಡೆದ ಕಬ್ಬಿಣದ ಸರಳು, ಎರಡೂ ಸೇರಿ ಹದಿನೈದರ ಒಳಗೆ. ಬ್ಯಾಫಲ್‌ಗೆ, ಅಂದರೆ ಹಾವು ಹತ್ತದಂತೆ ಆ ಪೈಪಿಗೆ ತೊಡಿಸುವ ತಡೆಗೆ, ಎಂಟು ಇಂಚು ಅಗಲ, ಎರಡಡಿ ಉದ್ದದ ಸ್ಟೋವ್ ಪೈಪು, ಅದೊಂದು ಹದಿನೆಂಟು. ಬ್ಯಾಫಲ್‌ನ ಮೇಲ್ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಹಾವು ಒಳಗಿಂದಲೇ ಮೇಲೆ ಬರುತ್ತದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಹಾವೂ ದಾಟಿಲ್ಲ. ಈ ಒಂದು ವಿಷಯದಲ್ಲಿ ಯಾರ ಹತ್ತಿರ ಬೇಕಾದರೂ ಪಂಥ ಕಟ್ಟುತ್ತೇನೆ. ಪೈಪಿಗೆ ಗ್ರೀಸ್ ಹಚ್ಚುವವರಿದ್ದಾರೆ. ಹಚ್ಚಬೇಡಿ. ಒಂದು ಮಳೆ, ನಾಲ್ಕು ಬಿಸಿಲು ಕಂಡರೆ ಗ್ರೀಸ್ ಮುಗಿಯಿತು. ಹಕ್ಕಿಯ ರೆಕ್ಕೆಗೆ ಮೆತ್ತಿದರೆ ಅದರ ಕಥೆಯೂ ಮುಗಿಯಿತು.

ಹಾವು ನಿಂತಿತು, ಗುಬ್ಬಿ ಬಂತು. ತಪ್ಪು ನನ್ನದೇ. ಅಡುಗೆಮನೆ ಕಿಟಕಿಯಿಂದ ಕಾಣಲಿ ಅಂತ ಪೆಟ್ಟಿಗೆಯನ್ನು ಮನೆಗೆ ಹದಿನೈದು ಅಡಿಯಲ್ಲಿ ನೆಟ್ಟಿದ್ದೆ. ಪಕ್ಕದಲ್ಲೇ ಫೀಡರ್, ಅದರ ತುಂಬ ಅಗ್ಗದ ಮಿಶ್ರ ಕಾಳು, ಅರ್ಧಕ್ಕರ್ಧ ಸಿರಿಧಾನ್ಯ. ಗುಬ್ಬಿಗೆ ಊಟವನ್ನೂ ಹಾಕಿ, ಊಟದ ಪಕ್ಕದಲ್ಲೇ ಮನೆಯನ್ನೂ ತೋರಿಸಿದ ಹಾಗಾಯಿತು. ಒಂದೂವರೆ ಇಂಚಿನ ತೂತು ಸ್ಟಾರ್ಲಿಂಗ್ ಎಂಬ ದೊಡ್ಡ ಹಕ್ಕಿಯನ್ನು ತಡೆಯುತ್ತದೆ, ಗುಬ್ಬಿಯನ್ನು ತಡೆಯುವುದಿಲ್ಲ. ಬ್ಲೂಬರ್ಡ್ ಐದು ಮೊಟ್ಟೆ ಇಟ್ಟಿತ್ತು, ತಿಳಿ ನೀಲಿ. ಕಾವು ಕೂತು ಹನ್ನೆರಡೋ ಹದಿಮೂರೋ ದಿನಕ್ಕೆ ನಾಲ್ಕು ಒಡೆದವು. ಮರಿಗಳಿಗೆ ಆರನೇ ದಿನ. ಆಫೀಸ್ ಮುಗಿಸಿ ಬಂದು ಬಾಗಿಲು ತೆಗೆದರೆ ನಾಲ್ಕೂ ಸತ್ತಿವೆ, ತಲೆಯ ಮೇಲೆ ಕುಕ್ಕಿದ ಗಾಯ. ಗಂಡು ಗುಬ್ಬಿ ಪೆಟ್ಟಿಗೆಯ ಮೇಲೆ ಕೂತು ಚಿಲಿಪಿಲಿ ಅನ್ನುತ್ತಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅದೇ ವಾರ ಪರಿಚಯದವರೊಬ್ಬರು ಪೆಟ್ಟಿಗೆಯೊಳಗೆ ಕೂರಿಸುವ ಟ್ರ್ಯಾಪ್ ಕೊಟ್ಟರು. ಮನೆಗೆ ತಂದು ಎರಡು ದಿನ ಗ್ಯಾರೇಜಿನಲ್ಲಿ ಇಟ್ಟುಕೊಂಡೆ, ವಾಪಸ್ ಕೊಟ್ಟೆ. "ಹಾಗಾದರೆ ನಿನ್ನ ಹಿತ್ತಲಲ್ಲಿ ಬ್ಲೂಬರ್ಡ್ ಆಗಲ್ಲ" ಎಂದರು. ಆಗಲ್ಲ ಎಂದಿದ್ದೇ ನನ್ನನ್ನು ಹಠಕ್ಕೆ ಹಚ್ಚಿದ್ದು.

2024 ಪೂರ್ತಿ ಪ್ರಯೋಗದಲ್ಲೇ ಹೋಯಿತು. ಗುಬ್ಬಿಗೂ ಒಂದು ಪೆಟ್ಟಿಗೆ ಕೊಟ್ಟರೆ ಇದನ್ನು ಬಿಡಬಹುದು ಅಂದುಕೊಂಡು ಗ್ಯಾರೇಜಿನ ಸೂರಿಗೆ ಒಂದು ಹಾಕಿದೆ. ಒಂದೇ ಗಂಡು ಎರಡಕ್ಕೂ ಯಜಮಾನ ಆಯಿತು, ಇಲ್ಲಿ ಹಾಡಿ ಅಲ್ಲಿ ಕಾವಲು. ಗುಬ್ಬಿಗೆ ಹಿಡಿಸುವುದಿಲ್ಲ ಅಂತ ಕೇಳಿ ಪಿವಿಸಿ ಪೈಪಿನ ಗಿಲ್ಬರ್ಟ್‌ಸನ್ ಮಾದರಿಯ ಪೆಟ್ಟಿಗೆ ತರಿಸಿದೆ, ಮೂವತ್ತು ಚಿಲ್ಲರೆ ಡಾಲರ್. ನಮ್ಮ ಗುಬ್ಬಿಗೆ ಚೆನ್ನಾಗಿಯೇ ಹಿಡಿಸಿತು. ಗೂಡು ಕಟ್ಟಿದಾಗೆಲ್ಲ ಕಿತ್ತು ಎಸೆದೆ, ಅದೇ ದೊಡ್ಡ ತಪ್ಪು. ಕಿತ್ತಷ್ಟೂ ಗಂಡು ಗುಬ್ಬಿಗೆ ಹುಚ್ಚು ಹಿಡಿಯುತ್ತದೆ, ಅಕ್ಕಪಕ್ಕದ ಪೆಟ್ಟಿಗೆಗಳ ಮೇಲೆಲ್ಲ ಬೀಳುತ್ತದೆ. ಎರಡು ಮನೆ ಆಚೆ ಚಿಕಡಿ ಎಂಬ ಪುಟ್ಟ ಹಕ್ಕಿಯ ಮೊಟ್ಟೆಗಳು ಹೋಗಿದ್ದು ಆಗಲೇ, ನನ್ನಿಂದಲೇ ಆಯಿತೇನೋ ಅಂತ ಈಗಲೂ ಅನ್ನಿಸುತ್ತದೆ. ಅಲ್ಲಿಗೆ ನನ್ನ ಖರ್ಚು ಇನ್ನೂರೈವತ್ತು ಡಾಲರ್ ದಾಟಿತ್ತು, ಹಾರಿದ ಮರಿ ಸೊನ್ನೆ. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಮಾತ್ರ ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟಿದ್ದರು.

ಹೋದ ವರ್ಷ, ಅಂದರೆ 2025ರಲ್ಲಿ ಮಾಡಿದ್ದು ಇದು. ಅದಕ್ಕೂ ಹಿಂದಿನ ನವೆಂಬರಿನಲ್ಲೇ ಫೀಡರ್ ಇಳಿಸಿದೆ. ಪೂರ್ತಿ. ಕಾಳೂ ಇಲ್ಲ, ಬ್ರೆಡ್ ಚೂರೂ ಇಲ್ಲ. ಕಾಳಿಗೆ ಬರುತ್ತಿದ್ದ ಕೆಂಪು ಕಾರ್ಡಿನಲ್ ಹಕ್ಕಿಗಳು ಹೋದವು, ಬೇಜಾರಾಯಿತು, ಆದರೆ ಸುಮಾರು ಆರು ವಾರದಲ್ಲಿ ಗುಬ್ಬಿಗಳೂ ಅಂಗಡಿ ಸಾಲಿನ ಕಡೆ ಸರಿದವು. ಪೆಟ್ಟಿಗೆಯನ್ನು ಕಿತ್ತು ಹಿತ್ತಲಿನ ತುದಿಗೆ ಒಯ್ದೆ. ಸುತ್ತ ಹುಲ್ಲು ಬಯಲು, ಗೋಡೆಯಿಂದ ಎಪ್ಪತ್ತು ಅಡಿ, ನೆಲದಿಂದ ಐದಡಿ, ಮುಖ ಪೂರ್ವಕ್ಕೆ. ಅಡುಗೆಮನೆಯಿಂದ ಈಗ ಬೈನಾಕ್ಯುಲರ್ ಇಲ್ಲದೆ ಕಾಣುವುದಿಲ್ಲ. ನೋಡುವ ಆಸೆ ಬಿಟ್ಟಿದ್ದೇ ಅರ್ಧ ಕೆಲಸ ಮಾಡಿತು.

ಉಳಿದರ್ಧ ಬಿರಡೆ. ಪೆಟ್ಟಿಗೆಯ ತೂತಿಗೆ ಬಟ್ಟೆ ಸುತ್ತಿದ ಬಿರಡೆ ಜಡಿದು ಜನವರಿಯಿಂದ ಮುಚ್ಚಿಟ್ಟೆ. ನಮ್ಮಲ್ಲಿ ಬ್ಲೂಬರ್ಡ್ ವರ್ಷಪೂರ್ತಿ ಇರುತ್ತದೆ, ಫೆಬ್ರವರಿಯಲ್ಲೇ ಮನೆ ನೋಡಲು ಶುರು ಮಾಡುತ್ತದೆ. ಗುಬ್ಬಿ ಅದಕ್ಕಿಂತ ಮೊದಲೇ ನೋಡಿಕೊಂಡಿರುತ್ತದೆ. ಮುಚ್ಚಿದ ಪೆಟ್ಟಿಗೆ ಗುಬ್ಬಿಗೆ ಬರೀ ಮರದ ದಿಮ್ಮಿ. ಬಂತು, ಕುಕ್ಕಿತು, ಹೋಯಿತು. ಬ್ಲೂಬರ್ಡಿಗೆ ಪೆಟ್ಟಿಗೆಯಿಂದ ಸ್ವಲ್ಪ ದೂರದಲ್ಲಿ ಮೀಲ್‌ವರ್ಮ್, ಅಂದರೆ ಹಿಟ್ಟಿನ ಹುಳದ ಬಟ್ಟಲು ಇಟ್ಟೆ. ಸ್ಟೀಲ್ ಬಟ್ಟಲಿಗೆ ಚಮಚದಿಂದ ಮೂರು ಸಲ ತಟ್ಟುವುದು, ಒಂದು ಹಿಡಿ ಹುಳ ಹಾಕುವುದು, ಒಳಗೆ ಬರುವುದು. ಹತ್ತು ಹನ್ನೆರಡು ದಿನಕ್ಕೆ ತಟ್ಟಿದ ಸದ್ದಿಗೇ ಬೇಲಿಯ ಮೇಲೆ ಬಂದು ಕೂರುತ್ತಿದ್ದವು. ಬಟ್ಟಲು ಎಷ್ಟು ದೂರ, ಯಾವ ಹೊತ್ತಿಗೆ, ಗುಬ್ಬಿಗೆ ಗೊತ್ತಾಗದ ಹಾಗೆ ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ಕೈ ಸುಟ್ಟುಕೊಂಡು ಕಲಿತದ್ದು, ಇನ್ನೊಂದು ಸೀಸನ್ ನನ್ನ ಹತ್ತಿರವೇ ಇರಲಿ.

ಮಾರ್ಚ್ ಎರಡನೇ ವಾರ ಗಂಡು ಬ್ಲೂಬರ್ಡ್ ಪೆಟ್ಟಿಗೆಯ ಮೇಲೆ ಕೂತು ಒಂದೊಂದೇ ರೆಕ್ಕೆ ಎತ್ತಿ ಬೀಸತೊಡಗಿತು. ಗೊತ್ತಲ್ವಾ, ಹೆಣ್ಣಿಗೆ ಮನೆ ತೋರಿಸುವ ಆಟ. ಸತತ ನಾಲ್ಕು ಬೆಳಗ್ಗೆ ನೋಡಿ, ಐದನೇ ದಿನ ಬಿರಡೆ ತೆಗೆದೆ. ಒಂದು ಗಂಟೆಯೊಳಗೆ ಹೆಣ್ಣು ಒಳಗೆ. ಒಣಗಿದ ಪೈನ್ ಎಲೆಯನ್ನು ಬಾಯಿ ತುಂಬ ಹೊತ್ತು ಐದಾರು ದಿನದಲ್ಲಿ ಬಟ್ಟಲಿನ ಹಾಗೆ ಗೂಡು ಕಟ್ಟಿತು. ಅದು ಮಾರ್ಚ್ 20ರ ಆಸುಪಾಸು, ವಿಶ್ವ ಗುಬ್ಬಿ ದಿನ. ಹಾಸನದಲ್ಲಿ ತಮ್ಮ ಗುಬ್ಬಿಗೆ ಅಂತ ರಟ್ಟಿನ ಡಬ್ಬ ಕಟ್ಟಿ ವಿಡಿಯೋ ಕಳಿಸಿದ್ದ. ಅವನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಡಬ್ಬವನ್ನು ಬಿಸಿಲು ಬೀಳದ ಕಡೆ ಕಟ್ಟು ಅಂತ ಹೇಳಿದೆ, ಮರುದಿನವೇ ಬದಲಾಯಿಸಿದ.

ಮೊದಲ ಮೊಟ್ಟೆ ಬಿದ್ದ ದಿನ ಮಧ್ಯಾಹ್ನ ಗುಬ್ಬಿಯನ್ನು ಹೆದರಿಸುವ ಸ್ಪೂಕರ್ ಏರಿಸಿದೆ. ಮಾಡಿದವರಿಗೆ ಗೊತ್ತು, ಪೆಟ್ಟಿಗೆಯ ಮೇಲೊಂದು ಕಡ್ಡಿಯ ಚೌಕಟ್ಟು, ಅದರಿಂದ ಚಾವಣಿಗೆ ತಾಗುವ ಹಾಗೆ ನೇತಾಡುವ ಮಿಂಚುವ ತೆಳು ಪ್ಲಾಸ್ಟಿಕ್ (ಮೈಲಾರ್) ಪಟ್ಟಿಗಳು. ಮೊಟ್ಟೆಗೆ ಮೊದಲು ಹಾಕಿದರೆ ಬ್ಲೂಬರ್ಡೇ ಹೋಗಿಬಿಡುತ್ತದೆ. ಮೊಟ್ಟೆ ಇಟ್ಟ ಮೇಲೆ ಅದಕ್ಕೆ ಮನೆ ಬಿಡಲು ಮನಸ್ಸಿರುವುದಿಲ್ಲ, ಗುಬ್ಬಿಗೆ ಮಾತ್ರ ಹೆದರಿಕೆ. ಆದರೂ ಹಾಕಿ ಒಳಗೆ ಹೋಗಿ ಕಾಫಿ ಕುಡಿಯಬೇಡಿ, ನಿಂತು ನೋಡಿ. ನಮ್ಮದು ನಲವತ್ತು ನಿಮಿಷ ತಂತಿಯ ಮೇಲೆ ಕೂತು ಯೋಚಿಸಿತು. ಗಂಟೆ ದಾಟಿದ್ದರೆ ಇಳಿಸುತ್ತಿದ್ದೆ. ಪಟ್ಟಿಗೆ ಅಂತ ಮೊದಲು ತಂದ ಉಡುಗೊರೆ ಸುತ್ತುವ ಹಾಳೆ ಮೂರು ಮಳೆಗೆ ಬಣ್ಣ ಬಿಟ್ಟು ಸುರುಳಿಯಾಯಿತು. ಎಂಟು ಡಾಲರಿನ ಗಟ್ಟಿ ರೋಲ್ ತಂದ ಮೇಲೆ ಸರಿಹೋಯಿತು. ಮರಿ ಹಾರಿದ ಕೂಡಲೇ ಇಳಿಸಿಬಿಡಬೇಕು, ಇಲ್ಲದಿದ್ದರೆ ಗುಬ್ಬಿಗೂ ರೂಢಿಯಾಗುತ್ತದೆ.

ಐದು ಮೊಟ್ಟೆ, ಐದೂ ಮರಿ. ಅತ್ತೆ ಆಗ ಊರಿಂದ ಬಂದಿದ್ದರು. ಬಂದ ಹೊಸದರಲ್ಲಿ "ಒಂದು ಹಕ್ಕಿಗೆ ಇಷ್ಟೊಂದು ದುಡ್ಡಾ?" ಎಂದವರು, ಮರಿ ಒಡೆದ ಮೇಲೆ ಬೈನಾಕ್ಯುಲರ್ ನನ್ನ ಕೈಗೇ ಕೊಡಲಿಲ್ಲ. ಮಡಿಲಲ್ಲಿ ಎರಡು ಬಟ್ಟಲು ಇಟ್ಟುಕೊಂಡು, ಹಕ್ಕಿ ಒಂದು ಸಲ ಹುಳ ತಂದರೆ ಒಂದು ಕಡಲೆಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಹತ್ತನೇ ದಿನ ಒಂದು ಗಂಟೆಯಲ್ಲಿ ಹದಿನೇಳು ಕಡಲೆಬೀಜ. ಅಪ್ಪ ಅಮ್ಮ ಇಬ್ಬರೂ ತರುತ್ತಿದ್ದವು, ಹಿಂದಿರುಗುವಾಗ ಮರಿಯ ಹಿಕ್ಕೆಯನ್ನು ಬಿಳಿ ಚೀಲದ ಹಾಗೆ ಕಚ್ಚಿಕೊಂಡು ದೂರ ಒಯ್ದು ಬಿಸಾಡುತ್ತಿದ್ದವು. ಅದನ್ನು ನೋಡಿ ಅತ್ತೆ, "ಬಾಣಂತಿ ಕೋಣೆ ಹೀಗಿರಬೇಕು ನೋಡು" ಎಂದರು. ಹನ್ನೆರಡನೇ ದಿನದ ನಂತರ ನಾನು ಬಾಗಿಲು ಮುಟ್ಟಲಿಲ್ಲ, ಆಮೇಲೆ ತೆರೆದರೆ ಮರಿಗಳು ಹೆದರಿ ಹೊತ್ತಿಗೆ ಮೊದಲೇ ಹಾರಿ ಬೀಳುತ್ತವೆ. ಹದಿನೆಂಟನೇ ದಿನ ಬೆಳಗ್ಗೆ ಏಳರಿಂದ ಒಂಬತ್ತೂವರೆಯ ಒಳಗೆ ಐದೂ ಹೊರಟವು. ಕೊನೆಯದು ತೂತಿನಲ್ಲಿ ತಲೆ ಇಟ್ಟುಕೊಂಡು ಮುಕ್ಕಾಲು ಗಂಟೆ ಕಾಯಿಸಿತು, ಎದುರಿನ ಡಾಗ್‌ವುಡ್ ಮರದಿಂದ ಅಪ್ಪ ಹುಳ ತೋರಿಸಿ ತೋರಿಸಿ ಕರೆಯುತ್ತಿತ್ತು. ಅತ್ತೆಯೂ ನಾನೂ ಕಿಟಕಿಯ ಹತ್ತಿರ ಕೈ ಹಿಡಿದುಕೊಂಡು ನಿಂತಿದ್ದೆವು.

ಮಧ್ಯೆ ಹುಳದ ವಿಷಯ ಹೇಳಬೇಕು. ಜೀವಂತ ಮೀಲ್‌ವರ್ಮ್ ಸಾವಿರಕ್ಕೆ ಇಪ್ಪತ್ತು ಡಾಲರ್ ಹತ್ತಿರ ಬೀಳುತ್ತಿತ್ತು, ಮರಿ ಇದ್ದಾಗ ವಾರಕ್ಕೊಂದು ಸಾವಿರ ಸಾಲದು. ಮನೆಯಲ್ಲೇ ಬೆಳೆಸೋಣ ಅಂತ ಹೊರಟೆ. ಗೋಧಿ ಬೂಸಾ ಬದಲು ರಾಗಿಹಿಟ್ಟಿನಲ್ಲಿ ಬಿಟ್ಟೆ, ಮನೆಯಲ್ಲಿ ಹುಳ ಬಿದ್ದ ಹಳೇ ಹಿಟ್ಟು ಇತ್ತು, ಅದಕ್ಕೆ. ಕ್ಯಾರೆಟ್ ಚೂರಿನ ತೇವಕ್ಕೆ ರಾಗಿ ಮುದ್ದೆಯಾಗಿ ಬೂಷ್ಟು ಹಿಡಿಯಿತು, ಐನೂರು ಹುಳ ಹೋದವು. ಬೂಸಾದಲ್ಲಿ ಈಗ ಚೆನ್ನಾಗಿ ಬರುತ್ತಿವೆ. ಒಣ ಹುಳವನ್ನು ಬಿಸಿನೀರಲ್ಲಿ ನೆನೆಸಿ ಕೊಟ್ಟೆ, ದೊಡ್ಡ ಹಕ್ಕಿ ತಿನ್ನುತ್ತದೆ, ಮರಿಗೆ ಒಯ್ಯುವುದು ಕಡಿಮೆ. ಮೊಟ್ಟೆ ಚಿಪ್ಪನ್ನು ಓವನ್‌ನಲ್ಲಿ ಹುರಿದು ಪುಡಿ ಮಾಡಿ ಹುಳದ ಮೇಲೆ ಉದುರಿಸಿದೆ, ಕ್ಯಾಲ್ಸಿಯಂಗೆ. ಅದನ್ನು ತಿಂದವು.

ಎರಡನೇ ಗೂಡು ಜೂನ್‌ನಲ್ಲಿ, ನಾಲ್ಕು ಮೊಟ್ಟೆ. ಆಗ ಗುಬ್ಬಿಗಿಂತ ಬಿಸಿಲಿನ ಭಯ. ಪೆಟ್ಟಿಗೆಯೊಳಗೆ ಇಟ್ಟ ಪುಟ್ಟ ಥರ್ಮಾಮೀಟರ್ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಚುನಾವಣೆ ಮುಗಿದು ಬಿದ್ದಿದ್ದ ಪ್ಲಾಸ್ಟಿಕ್ ಬೋರ್ಡು ಕತ್ತರಿಸಿ, ಬಿಳಿ ಬಣ್ಣ ಬಳಿದು, ಮಧ್ಯೆ ಒಂದು ಇಂಚು ಗಾಳಿಗೆ ಬಿಟ್ಟು ಪಶ್ಚಿಮದ ಕಡೆಗೂ ಚಾವಣಿಗೂ ಕಟ್ಟಿದೆ. ಆರೇಳು ಡಿಗ್ರಿ ಇಳಿಯಿತು, ಖರ್ಚಿಲ್ಲ. ಎಂಟನೇ ದಿನ ಗೂಡಿನ ಅಡಿಯಲ್ಲಿ ರಕ್ತ ಹೀರುವ ನೊಣದ ಮರಿಹುಳಗಳು ಕಂಡವು. ಗೂಡನ್ನು ಎತ್ತಿ, ಮೆಲ್ಲಗೆ ತಟ್ಟಿ, ಉದುರಿದ ಮೂವತ್ತಕ್ಕೂ ಜಾಸ್ತಿ ಹುಳ ಹೆಕ್ಕಿದೆ. ಅಷ್ಟರಲ್ಲಿ ಒಂದು ಮರಿ ತುಂಬ ಬಿಳಿಚಿಕೊಂಡಿತ್ತು, ಎರಡು ದಿನಕ್ಕೆ ಹೋಯಿತು. ಐದನೇ ದಿನವೇ ನೋಡಬೇಕಿತ್ತು. ಉಳಿದ ಮೂರು ಹಾರಿದವು. ಅವಕ್ಕೆ ಉಣಿಸಲು ಮೊದಲ ಗೂಡಿನ ಚುಕ್ಕೆ ಎದೆಯ ಮರಿಯೊಂದು ಹುಳ ಕಚ್ಚಿಕೊಂಡು ಬಂದದ್ದನ್ನು ಮೂರು ಸಲ ನೋಡಿದೆ. ಹಾಗೆ ಮಾಡುತ್ತವೆ ಅಂತ ಕೇಳಿದ್ದೆ, ನಂಬಿರಲಿಲ್ಲ.

ಒಟ್ಟು ನಾಲ್ಕು ವರ್ಷದ ಲೆಕ್ಕ ನಾನೂರರಿಂದ ನಾನೂರೈವತ್ತು ಡಾಲರ್, ಹುಳಕ್ಕೇ ಬಹಳ ಹೋಯಿತು. ಮೊದಲೇ ಗೊತ್ತಿದ್ದರೆ, ಹುಳದ ಖರ್ಚು ಬಿಟ್ಟು, ನೂರರೊಳಗೆ ಮುಗಿಯುತ್ತಿತ್ತು. ಟ್ರ್ಯಾಪ್ ಕೊಟ್ಟಿದ್ದವರು ಜುಲೈನಲ್ಲಿ ಬಂದು ಪೆಟ್ಟಿಗೆ, ಪಟ್ಟಿ, ಬಿರಡೆ ಎಲ್ಲ ಮುಟ್ಟಿ ನೋಡಿದರು. "ಅದೃಷ್ಟ" ಎಂದರು. ಹೋಗುವಾಗ ಬಿರಡೆಯ ಅಳತೆಯನ್ನು ಫೋನಿನಲ್ಲಿ ಬರೆದುಕೊಂಡರು.

ಈ ವರ್ಷವೂ ಪೆಟ್ಟಿಗೆ ತೊಳೆದು ಒಣಗಿಸಿದ್ದೇನೆ. ಬಿರಡೆ ಜಡಿದಾಗಿದೆ. ನಿನ್ನೆ ಬೆಳಗ್ಗೆ ಬಟ್ಟಲು ತಟ್ಟಿದಾಗ ಬೇಲಿಯ ಮೇಲೆ ಒಂದು ಗಂಡು ಬಂದು ಕೂತಿತ್ತು. ಅತ್ತೆಗೆ ಫೋಟೋ ಕಳಿಸಿದೆ, ಹೆಣ್ಣೆಲ್ಲಿ ಅಂತ ಕೇಳಿದ್ದಾರೆ.