ಹಳೇ ಬಾಡಿಗೆದಾರರ ಸಾಲ, ನಿಮ್ಮ ಬಾಗಿಲಿಗೆ ನೋಟಿಸು: ಏನು ಮಾಡಬೇಕು?

ಬೆಂಗಳೂರಿನಲ್ಲಿ ಹೊಸ ಬಾಡಿಗೆ ಮನೆಗೆ ಹೋಗಿ, ಹಾಲು ಉಕ್ಕಿಸಿ ಇನ್ನೂ ವಾರ ಆಗಿರಲಿಲ್ಲ. ಗೇಟಿನ ಸಂದಿಯಲ್ಲಿ ಒಂದು ಉದ್ದನೆಯ ಕವರ್ ಸಿಕ್ಕಿಸಿತ್ತು. ಮನೆ ನಂಬರ್ ನಮ್ಮದೇ, ಮಹಡಿಯೂ ನಮ್ಮದೇ. ಹೆಸರು ಮಾತ್ರ ಯಾರದೋ. ಕವರಿನ ಪ್ಲಾಸ್ಟಿಕ್ ಕಿಂಡಿಯಲ್ಲಿ ವಿಳಾಸದ ಕೆಳಗೆ ಲೋನ್ ಅಕೌಂಟ್ ನಂಬರ್ ಇಣುಕುತ್ತಿತ್ತು, ಅದರ ಪಕ್ಕ ಕೆಂಪಕ್ಷರದಲ್ಲಿ ‘ಕೊನೆಯ ಸೂಚನೆ’. ತಿಂಗಳೊಳಗೆ ಅಂಥ ಕವರ್ ಇನ್ನೂ ಮೂರು ಬಂದವು. ‘ಅವ್ರು ಖಾಲಿ ಮಾಡಿ ಎಂಟು ತಿಂಗಳಾಯ್ತಪ್ಪ, ಸುಮ್ನೆ ಹರಿದು ಬಿಸಾಕು’ ಅಂದರು ಓನರ್ ಆಂಟಿ. ನಾನು ಬಿಸಾಕಿದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಇಬ್ಬರು ಬಂದು ಕಾಲಿಂಗ್ ಬೆಲ್ ಒತ್ತಿದಾಗ, ನಾನು ಮಾಡಿದ್ದು ತಪ್ಪು ಅಂತ ಗೊತ್ತಾಯಿತು. ಕಳಿಸಿದವರ ಲೆಕ್ಕದಲ್ಲಿ ನೋಟಿಸು ವಾಪಸ್ ಬಂದಿಲ್ಲ ಅಂದರೆ ವಿಳಾಸ ಸರಿ ಇದೆ ಅಂತಲೇ ಅರ್ಥ, ಅಲ್ವಾ?

ಮೊದಲು ಒಂದು ಧೈರ್ಯದ ಮಾತು. ಸಾಲ ಇರುವುದು ಮನುಷ್ಯನ ಮೇಲೆ, ಅವನು ಇದ್ದ ಬಾಡಿಗೆ ಮನೆಯ ಮೇಲಲ್ಲ. ಸಾಲ ತಗೊಂಡವರು, ಜೊತೆಗೆ ಸಹಿ ಹಾಕಿದವರು, ಜಾಮೀನು ನಿಂತವರು ಹೊಣೆ. ಅದೇ ಮನೆಗೆ ಆಮೇಲೆ ಬಂದವರು ಹೊಣೆಯಲ್ಲ. ನಿಮ್ಮ ಸಿಬಿಲ್ ಸ್ಕೋರ್ ಕೂಡ ಬಾಗಿಲ ನಂಬರ್ ನೋಡಿ ಇಳಿಯುವುದಿಲ್ಲ. ಅದು ನಿಮ್ಮ ಹೆಸರು, ಪ್ಯಾನ್ ಮತ್ತು ನೀವೇ ತಗೊಂಡ ಸಾಲಗಳ ಲೆಕ್ಕ. ಆದ್ದರಿಂದ ಗಾಬರಿ ಬೇಡ. ಆದರೆ ಕೈಕಟ್ಟಿ ಕೂರುವುದೂ ಬೇಡ.

ಕವರ್ ಒಡೆಯಬೇಡಿ, ಹೆಸರು ಓದಿ

ಬೇರೆಯವರ ಹೆಸರಿನ ಕಾಗದ ತೆರೆಯುವ ಅಗತ್ಯವೇ ಇಲ್ಲ. ನಿಮಗೆ ಬೇಕಾದ್ದೆಲ್ಲ ಸಾಮಾನ್ಯವಾಗಿ ಹೊರಗೇ ಇರುತ್ತದೆ: ಯಾರ ಹೆಸರು, ಕಳಿಸಿದವರು ಯಾರು, ಉಲ್ಲೇಖ ಸಂಖ್ಯೆ, ತಲುಪದಿದ್ದರೆ ಎಲ್ಲಿಗೆ ವಾಪಸ್ ಕಳಿಸಬೇಕು ಎಂಬ ವಿಳಾಸ. ಕವರಿನ ಎರಡೂ ಕಡೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬಂದ ತಾರೀಕು ಬರೆದಿಡಿ.

ಹೆಸರು ಓದುವಾಗ ಎರಡು ವಿಷಯ ನೋಡಿ. ಒಂದು, ಅದು ನಿಮ್ಮ ಮನೆಯವರದೇ ಇರಬಹುದಾ? ಹಿಂದೊಮ್ಮೆ ನಿಮ್ಮ ಜೊತೆ ಇದ್ದ ಭಾವಮೈದುನನೋ ರೂಮ್‌ಮೇಟೋ ನಿಮ್ಮ ವಿಳಾಸ ಕೊಟ್ಟು ಫೋನ್ ಕಂತಿಗೆ ತಗೊಂಡಿದ್ದರೆ, ಆ ಮಾತನ್ನು ಮನೆಯೊಳಗೇ ಆಡಬೇಕು. ಎರಡು, ಅದು ಓನರ್ ಹೆಸರಾ?

ಓನರ್ ಹೆಸರಾದರೆ ಕಥೆಯೇ ಬೇರೆ. ಮನೆ ಅಡವಿಟ್ಟು ಸಾಲ ತಗೊಂಡು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು 60 ದಿನದ ನೋಟಿಸು ಕೊಟ್ಟು ಆಮೇಲೆ ಮನೆಯನ್ನೇ ಸ್ವಾಧೀನಕ್ಕೆ ತಗೊಳ್ಳಬಹುದು. ಸ್ವಾಧೀನದ ನೋಟಿಸನ್ನು ಬಾಗಿಲಿಗೂ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲೂ ಹಾಕಿಸುತ್ತಾರೆ, ಒಂದು ಸ್ಥಳೀಯ ಭಾಷೆಯದು. ನೀವು ಕೊಟ್ಟ ಅಡ್ವಾನ್ಸ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಕವರ್ ಕಂಡರೆ ಓನರ್ ಹತ್ತಿರ ಅವತ್ತೇ ಮಾತಾಡಿ, ಬಾಡಿಗೆ ಕರಾರು ಹಿಡಿದು ಒಬ್ಬ ವಕೀಲರನ್ನು ಕಾಣಿ. ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಆ ಕಾಯ್ದೆಯಲ್ಲೇ ದಾರಿ ಇದೆ. ಈ ಲೇಖನದ ಉಳಿದ ಮಾತು ಹಳೇ ಬಾಡಿಗೆದಾರರ ಹೆಸರಿನಲ್ಲಿ ಬರುವ ಕಾಗದಗಳ ಬಗ್ಗೆ.

ಸಹಿ ಹಾಕಬೇಡಿ, ಸರಿಯಾದ ಷರಾ ಬರೆಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಸಾಮಾನ್ಯ ಅಂಚೆಯಾದರೆ ಕವರಿನ ಮೇಲೆ ‘ಈ ಹೆಸರಿನವರು ಈ ವಿಳಾಸದಲ್ಲಿ ಇಲ್ಲ, ಕಳಿಸಿದವರಿಗೆ ವಾಪಸ್’ ಎಂದು ಬರೆದು, ಒಡೆಯದೆ ಅಂಚೆಯಣ್ಣನ ಕೈಗೆ ಕೊಟ್ಟರಾಯಿತು. ಸ್ಪೀಡ್ ಪೋಸ್ಟ್ ಬಂದಾಗ ಮಾತ್ರ ಎಚ್ಚರ ಬೇಕು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನೂ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಹಾಗಾಗಿ ವಕೀಲರ ನೋಟಿಸುಗಳೂ ಈಗ ಅದರಲ್ಲೇ ಬರುತ್ತವೆ.

ಅಂಚೆಯಣ್ಣ ಅವಸರದಲ್ಲಿರುತ್ತಾರೆ. ‘ಇಲ್ಲೊಂದು ಸೈನ್ ಹಾಕಿ ಸಾರ್’ ಅಂತಾರೆ. ನಾವೂ ಪಾಪ ಅಂತ ಹಾಕಿಬಿಡುತ್ತೇವೆ. ಆ ಸಹಿಯಿಂದ ಆ ನೋಟಿಸು ‘ತಲುಪಿದೆ’ ಎಂದು ದಾಖಲಾಗುತ್ತದೆ. ಚೆಕ್ ಬೌನ್ಸ್ ನೋಟಿಸು ಅಂತಿಟ್ಟುಕೊಳ್ಳಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ, ನೋಟಿಸು ತಲುಪಿದ ದಿನದಿಂದ 15 ದಿನದೊಳಗೆ ಹಣ ಕೊಡದಿದ್ದರೆ ಕೇಸು ಹಾಕಬಹುದು. ನೀವು ಗೀಚಿದ ಸಹಿಯಿಂದ, ಎಲ್ಲೋ ಇರುವ ಆ ಮನುಷ್ಯನಿಗೆ ಗೊತ್ತೇ ಇಲ್ಲದೆ ಆ 15 ದಿನ ಓಡಲು ಶುರುವಾಗುತ್ತದೆ.

ಹಾಗಂತ ‘ಬೇಡ, ತಗೊಂಡು ಹೋಗಿ’ ಅಂತ ಬಾಗಿಲು ಹಾಕಿದರೂ ಕೆಲಸ ಕೆಡುತ್ತದೆ. ಅಂಚೆಯಣ್ಣ ಕವರಿನ ಮೇಲೆ ‘ನಿರಾಕರಿಸಿದ್ದಾರೆ’ ಎಂದು ಷರಾ ಬರೆದರೆ, ವಿಳಾಸದಾರನೇ ಎದುರು ನಿಂತು ಬೇಡ ಅಂದಂತೆ ಆಗುತ್ತದೆ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ನಿರಾಕರಿಸಿದರೆ ಕೋರ್ಟುಗಳು ಅದನ್ನು ತಲುಪಿದಂತೆಯೇ ಎಣಿಸುತ್ತವೆ. ಹಾಗಾಗಿ ಒಂದು ನಿಮಿಷ ನಿಂತು ಹೇಳಿ: ‘ಅಣ್ಣಾ, ಇವರು ಈ ಮನೆ ಬಿಟ್ಟು ಹೋಗಿದ್ದಾರೆ. ನಿರಾಕರಿಸಿದ್ದಾರೆ ಅಂತ ಬರೀಬೇಡಿ, ಬಿಟ್ಟು ಹೋಗಿದ್ದಾರೆ ಅಂತ ಬರೀರಿ.’ ನಮ್ಮ ಬೀದಿಯ ಅಂಚೆಯಣ್ಣ ಬ್ಯಾಗನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕವರನ್ನು ಅದರ ಮೇಲಿಟ್ಟು, ನೀಲಿ ಪೆನ್ನಿನಲ್ಲಿ ಒಂದೇ ಒಂದು ಪದ ಬರೆದು ತಾರೀಕು ಹಾಕಿದರು. ಅಷ್ಟೇ ಕೆಲಸ.

ಕೊರಿಯರ್‌ನವರಿಗೂ ಇದನ್ನೇ ಹೇಳಿ. ಅವರ ಮೊಬೈಲ್ ಪರದೆ ಮೇಲೆ ಬೆರಳಲ್ಲಿ ಸಹಿ ಮಾಡಬೇಡಿ, ಒಟಿಪಿ ಕೇಳಿದರೆ ಕೊಡಬೇಡಿ. ಮನೆಯಲ್ಲಿ ಅಜ್ಜ, ಅಜ್ಜಿ, ಕೆಲಸದವರು ಇದ್ದರೆ ಅವರಿಗೂ ಹೇಳಿಡಿ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆಗೆಯುವವರು ಅವರೇ ತಾನೆ.

ಸಾಲ ಕೊಟ್ಟವರಿಗೆ ಒಂದು ಕಾಗದ

ಕವರ್ ವಾಪಸ್ ಹೋದರೂ ಕಂಪ್ಯೂಟರು ಮುಂದಿನ ತಿಂಗಳು ಮತ್ತೆ ಅದೇ ವಿಳಾಸಕ್ಕೆ ಮುದ್ರಿಸುತ್ತದೆ. ಅದನ್ನು ನಿಲ್ಲಿಸಲು ಬರೆದೇ ಕೊಡಬೇಕು. ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ ‘ಕುಂದುಕೊರತೆ’ ಪುಟದಲ್ಲಿ ನೋಡಲ್ ಅಧಿಕಾರಿಯ ಇಮೇಲ್ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಸಂಗೀತ ಕೇಳುವ ಬದಲು ನೇರ ಅಲ್ಲಿಗೇ ಬರೆಯಿರಿ. ಹೀಗೆ ಬರೆದರೆ ಸಾಕು:

‘ಇಂಥವರ ಹೆಸರಿಗೆ, ಈ ಉಲ್ಲೇಖ ಸಂಖ್ಯೆಯಲ್ಲಿ, ನಿಮ್ಮಿಂದ ನಮ್ಮ ಮನೆಗೆ ನೋಟಿಸು ಬರುತ್ತಿದೆ. ಅವರು ಈ ವಿಳಾಸದಲ್ಲಿ ಇಲ್ಲ. ಇಂಥ ತಾರೀಕಿನಿಂದ ನಾನು ಇಲ್ಲಿ ಬಾಡಿಗೆಗೆ ಇದ್ದೇನೆ. ಅವರಿಗೂ ನನಗೂ ಸಂಬಂಧವಿಲ್ಲ, ಅವರ ಸಾಲಕ್ಕೆ ನಾನು ಜಾಮೀನು ನಿಂತಿಲ್ಲ. ಈ ವಿಳಾಸವನ್ನು ಆ ಖಾತೆಯಿಂದ ತೆಗೆಯಿರಿ, ವಸೂಲಿಗೆ ಯಾರನ್ನೂ ಇಲ್ಲಿಗೆ ಕಳಿಸಬೇಡಿ. ಹಾಗೆ ಮಾಡಿದ್ದೀರೆಂದು ಬರವಣಿಗೆಯಲ್ಲಿ ತಿಳಿಸಿ.’

ಜೊತೆಗೆ ಕವರಿನ ಫೋಟೊ ಹಾಕಿ. ಪುರಾವೆ ಕೇಳಿದರೆ ಬಾಡಿಗೆ ಕರಾರಿನ ಮೊದಲ ಪುಟ ಸಾಕು, ಬಾಡಿಗೆ ಮತ್ತು ಅಡ್ವಾನ್ಸ್ ಮೊತ್ತಕ್ಕೆ ಮಸಿ ಬಳಿದು ಕೊಡಿ. ನಿಮ್ಮ ಪ್ಯಾನ್ ಕೊಡುವ ಅಗತ್ಯ ಇಲ್ಲ. ಆಧಾರ್ ಕೊಡಲೇಬೇಕು ಅಂತ ಅನಿಸಿದರೆ ಮೊದಲ ಎಂಟು ಅಂಕಿ ಮರೆಯಾದ ಮಾಸ್ಕ್ಡ್ ಆಧಾರ್ ಕೊಡಿ. ಇನ್ನೊಂದು ಮಾತು: ನಿಮ್ಮ ಮೊಬೈಲ್ ನಂಬರ್ ಕೊಡಬೇಡಿ. ನಾನು ಒಳ್ಳೆಯತನಕ್ಕೆ ಕೊಟ್ಟೆ. ಆ ನಂಬರ್ ‘ಸಂಪರ್ಕಕ್ಕೆ’ ಎಂದು ಆ ಖಾತೆಗೇ ಸೇರಿಕೊಂಡಿತೋ ಏನೋ, ಎರಡು ವಾರ ದಿನಕ್ಕೆ ಆರು ಕರೆ ಬಂದವು.

ಹಳೇ ಬಾಡಿಗೆದಾರರ ಹೊಸ ವಿಳಾಸ, ಆಫೀಸು, ಊರು ನಿಮಗೆ ಗೊತ್ತಿದ್ದರೂ ಹೇಳುವ ಬಾಧ್ಯತೆ ನಿಮಗಿಲ್ಲ. ಅವರು ಮೋಸಗಾರರೇ ಆಗಿರಬೇಕು ಅಂತೇನಿಲ್ಲ, ಕೆಲಸ ಹೋಗಿರಬಹುದು, ಆಸ್ಪತ್ರೆ ಖರ್ಚು ಬಂದಿರಬಹುದು. ಓನರ್ ಮೂಲಕ ಅವರಿಗೇ ಒಂದು ಮಾತು ತಲುಪಿಸಿ: ‘ನಿಮ್ಮ ಕಾಗದ ಇನ್ನೂ ಇಲ್ಲಿಗೆ ಬರುತ್ತಿದೆ, ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ವಿಳಾಸ ಬದಲಿಸಿಕೊಳ್ಳಿ’ ಅಂತ. ಬಾಡಿಗೆ ಕರಾರು ತೋರಿಸಿ ಆಧಾರ್‌ಗೆ ಈ ವಿಳಾಸ ಹಾಕಿಸಿಕೊಂಡವರು ಮನೆ ಬಿಡುವಾಗ ಅದನ್ನು ಮರೆತೇಬಿಡುತ್ತಾರೆ. ಆಧಾರ್ ಬದಲಾಗುವ ತನಕ ಅವರು ತಗೊಳ್ಳುವ ಹೊಸ ಸಾಲದ ಕಾಗದವೂ ನಿಮ್ಮ ಗೇಟಿಗೇ ಬರುವ ಅಪಾಯ ಇದೆ.

ಬೈಕಿನವರು ಬಾಗಿಲಿಗೆ ಬಂದರೆ

ಒಳಗೆ ಕರೆಯಬೇಡಿ. ಗ್ರಿಲ್ ಬಾಗಿಲ ಆಚೆಯೇ ನಿಲ್ಲಿಸಿ, ಮರ್ಯಾದೆಯಿಂದಲೇ ಮಾತಾಡಿ. ಬ್ಯಾಂಕಿನ ವಸೂಲಿ ಏಜೆಂಟರ ಹತ್ತಿರ ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಮತ್ತು ನೋಟಿಸಿನ ಪ್ರತಿ ಇರಲೇಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ತೋರಿಸಿ ಅನ್ನಿ. ಅರ್ಧ ಜನ ಅಲ್ಲೇ ಮೆತ್ತಗಾಗುತ್ತಾರೆ. ಆ ಭಾನುವಾರ ಬಂದ ಇಬ್ಬರಲ್ಲಿ ಒಬ್ಬ ಕೊರಳಿನ ಟ್ಯಾಗ್ ತೋರಿಸಿದ, ಅಧಿಕಾರ ಪತ್ರ ಕೇಳಿದ್ದಕ್ಕೆ ‘ಆಫೀಸಲ್ಲಿದೆ’ ಅಂದ. ನಾನು ಬಾಡಿಗೆ ಕರಾರು ಗ್ರಿಲ್‌ನ ಈಚೆಯಿಂದಲೇ ತೋರಿಸಿದೆ, ಅವರ ಕೈಗೆ ಕೊಡಲಿಲ್ಲ. ಅವರು ಅದರ ಫೋಟೊ ತೆಗೆಯಲು ಬಂದಾಗ ಮಡಚಿ ಇಟ್ಟುಕೊಂಡೆ.

ಸಮಯದ ಗಡಿಯೂ ಇದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡುವಂತಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಅದು ಬೆಳಿಗ್ಗೆ 9ರಿಂದ ಸಂಜೆ 6. ಬೈಯುವುದು, ಹೆದರಿಸುವುದು, ನಾಲ್ಕು ಜನರ ಮುಂದೆ ಅವಮಾನ ಮಾಡುವುದು ಎಲ್ಲವೂ ನಿಷಿದ್ಧ. ಸಾಲ ತಗೊಂಡವರಿಗೇ ಇಷ್ಟು ರಕ್ಷಣೆ ಇರುವಾಗ, ಏನೂ ತಗೊಳ್ಳದ ನೀವು ಯಾಕೆ ತಲೆ ತಗ್ಗಿಸಬೇಕು? ಟಿವಿ ಎತ್ತಿಕೊಂಡು ಹೋಗ್ತೀವಿ, ಗಾಡಿ ಕೀ ಕೊಡಿ ಅಂದರೆ ವಾದಕ್ಕೆ ಇಳಿಯದೆ 112ಕ್ಕೆ ಕರೆ ಮಾಡಿ. ಅಕ್ರಮವಾಗಿ ಮನೆಗೆ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ, ಬೆದರಿಕೆ 351ರಲ್ಲಿ ಅಪರಾಧ.

ನೋಂದಣಿಯೇ ಇಲ್ಲದ ಮೀಟರ್ ಬಡ್ಡಿಯವರಾದರೆ ಹೆದರಿಕೆ ಸಹಜ, ಅವರಿಗೆ ನೋಡಲ್ ಅಧಿಕಾರಿಯೂ ಇಲ್ಲ, ಇಮೇಲೂ ಇಲ್ಲ. ಅಂಥವರ ಕಿರುಕುಳಕ್ಕೆ ಕಡಿವಾಣ ಹಾಕಲೆಂದೇ ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೇರ ಠಾಣೆಗೆ ಹೋಗಿ.

ಕೋರ್ಟಿನ ಅಮೀನ ಬಂದರೆ

ಇವರು ಬೇರೆ. ಇವರು ಸರ್ಕಾರಿ ನೌಕರರು, ಕೈಯಲ್ಲಿ ಕೋರ್ಟಿನ ಸಮನ್ಸ್ ಇರುತ್ತದೆ. ಪ್ರತಿವಾದಿ ಮನೆಯಲ್ಲಿ ಇಲ್ಲದಾಗ ಅವರ ಜೊತೆ ವಾಸವಿರುವ ವಯಸ್ಕ ಕುಟುಂಬದವರಿಗೆ ಸಮನ್ಸ್ ಕೊಡಬಹುದು, ಯಾರೂ ತಗೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಹೋಗಬಹುದು. ನೀವು ಕುಟುಂಬದವರಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಕರಾರು ತೋರಿಸಿ, ‘ಬಾಡಿಗೆದಾರರು ಬದಲಾಗಿದ್ದಾರೆ’ ಎಂದು ವರದಿಯಲ್ಲಿ ಬರೆಯಲು ಕೇಳಿ. ಜಪ್ತಿ ಆದೇಶ ಹಿಡಿದು ಬಂದರೂ ಅವರು ಮುಟ್ಟಬಹುದಾದ್ದು ಸಾಲಗಾರನ ಸ್ವತ್ತನ್ನು ಮಾತ್ರ. ನಿಮ್ಮ ಫ್ರಿಜ್, ವಾಷಿಂಗ್ ಮೆಷಿನ್ ಬಿಲ್ಲುಗಳು ಒಂದು ಕಡೆ ಸಿಗುವಂತೆ ಇಟ್ಟುಕೊಂಡಿದ್ದರೆ ಆ ಗಳಿಗೆಯಲ್ಲಿ ಬೆಲೆ ಗೊತ್ತಾಗುತ್ತದೆ. ಆದೇಶದ ಫೋಟೊ ತೆಗೆದು ಅವತ್ತೇ ವಕೀಲರಿಗೆ ತೋರಿಸಿ. ಲೋಕ ಅದಾಲತ್ ನೋಟಿಸು ಅಂಚೆಯಲ್ಲಿ ಬಂದರೆ ಅಷ್ಟು ಗಾಬರಿ ಬೇಡ, ಅದನ್ನೂ ಷರಾ ಬರೆಸಿ ವಾಪಸ್ ಕಳಿಸಿ.

ಆದರೂ ನಿಲ್ಲದಿದ್ದರೆ

ಬರೆದು 30 ದಿನ ಕಾಯಿರಿ. ಉತ್ತರ ಬರದಿದ್ದರೆ ಅಥವಾ ಉತ್ತರ ಕೊಟ್ಟೂ ಮತ್ತೆ ಕಳಿಸಿದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ವೆಬ್‌ಸೈಟಿನಲ್ಲಿ, ಇಂಥ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಹಾಕಿ. ಶುಲ್ಕ ಇಲ್ಲ. ಮಾಹಿತಿಗೆ 14448 ಸಹಾಯವಾಣಿ ಇದೆ. ಈ ವ್ಯವಸ್ಥೆ ಮುಖ್ಯವಾಗಿ ಗ್ರಾಹಕರಿಗೆ ಅಂತ ಮಾಡಿದ್ದು. ಆದ್ದರಿಂದ ಮೊದಲ ಸಾಲಿನಲ್ಲೇ ‘ನಾನು ಈ ಸಂಸ್ಥೆಯ ಗ್ರಾಹಕನೇ ಅಲ್ಲ, ಆದರೂ ವಸೂಲಿಗೆ ನನ್ನ ಮನೆಗೆ ಬರುತ್ತಿದ್ದಾರೆ’ ಎಂದು ಬರೆಯಿರಿ. ನಿಮ್ಮ ಹಳೇ ಇಮೇಲ್, ಕವರಿನ ಫೋಟೊ ಲಗತ್ತಿಸಿ.

ಮನಸ್ಸಿನ ಸಮಾಧಾನಕ್ಕೆ ನಿಮ್ಮದೇ ಕ್ರೆಡಿಟ್ ವರದಿಯನ್ನೂ ಒಮ್ಮೆ ತೆಗೆದು ನೋಡಿ. ಇಂಥ ವರದಿ ತಯಾರಿಸುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ನಿಮ್ಮದಲ್ಲದ ಸಾಲ ಅದರಲ್ಲಿ ಕಂಡರೆ ತಕರಾರು ಸಲ್ಲಿಸಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು ಎಂದು ನಿಯಮ ಇದೆ.

ನನ್ನ ವಿಷಯದಲ್ಲಿ ಎರಡನೇ ಇಮೇಲ್‌ಗೆ ‘ವಿಳಾಸ ತೆಗೆದಿದ್ದೇವೆ’ ಎಂಬ ಒಂದು ಸಾಲಿನ ಉತ್ತರ ಬಂತು. ಐದು ತಿಂಗಳು ನೆಮ್ಮದಿ. ಆಮೇಲೆ ಅದೇ ಹೆಸರಿಗೆ, ನಾನು ಕೇಳಿಯೇ ಇರದ ಬೇರೊಂದು ಕಂಪನಿಯಿಂದ ಕವರ್ ಬಂತು. ಬ್ಯಾಂಕುಗಳು ಕೆಟ್ಟ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರುವುದುಂಟು, ಆಗ ಹಳೇ ವಿಳಾಸವೂ ಜೊತೆಗೇ ಹೋಗಬಹುದು. ನಾನು ಹೊಸದಾಗಿ ಏನೂ ಬರೆಯಲಿಲ್ಲ. ಹಳೇ ಇಮೇಲನ್ನೇ ತೆಗೆದು, ಆ ಒಂದು ಸಾಲಿನ ಉತ್ತರವನ್ನು ಕೆಳಗೆ ಸೇರಿಸಿ, ಹೊಸ ವಿಳಾಸಕ್ಕೆ ಕಳಿಸಿದೆ.