ಜೋಳದ ಅಂಬಲಿಗೆ ಒಂದು ಬಟ್ಟಲು ತೊಗರಿಬೇಳೆ ಹಿಟ್ಟು

ಅಕ್ಕಂದಿರೇ, ಕಲಬುರಗಿ ಬಿಸಿಲು ಶುರುವಾಯ್ತು. ಮನೆಮನೆಯಲ್ಲೂ ಅಂಬಲಿ ಶುರುವಾಗಿರುತ್ತೆ ಅಲ್ವಾ? ಈ ಸಲ ಅದಕ್ಕೆ ಬೇಳೆ ಸೇರಿಸಿ ನೋಡಿ. ಪ್ರೋಟೀನಿಗೆ ಬೇಕಾದ ಲೈಸಿನ್ ಜೋಳದಲ್ಲಿ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಎರಡೂ ಸೇರಿದರೆ ಹೊಟ್ಟೆಗೆ ಒಳ್ಳೇ ಆಧಾರ. ತೊಗರಿಯಂತೂ ನಮ್ಮ ಹೊಲದ್ದೇ!

3 ಬಟ್ಟಲು ಜೋಳದ ಹಿಟ್ಟಿಗೆ 1 ಬಟ್ಟಲು ಬೇಳೆ ಹಿಟ್ಟು ಸಾಕು. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆ ನುಣ್ಣಗೆ ಬೀಸಿ. ಅವಸರ ಮಾಡಬೇಡಿ, ಸೀದರೆ ಅಂಬಲಿ ಕಹಿಯಾಗುತ್ತೆ. ರಾತ್ರಿ ಎರಡೂ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕಲಸಿ, 2 ಚಮಚ ಹುಳಿ ಮಜ್ಜಿಗೆ ಹಾಕಿ, ಗಡಿಗೆ ಬಾಯಿಗೆ ಬಟ್ಟೆ ಕಟ್ಟಿ. ಬೆಳಿಗ್ಗೆ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತೆ, ಹಿತವಾದ ಹುಳಿ ವಾಸನೆ ಬರುತ್ತೆ. ಈ ಸೆಕೆಗೆ 8 ಗಂಟೆ ಸಾಕು. ಕೆಟ್ಟ ವಾಸನೆಯೋ ಬೂಷ್ಟೋ ಕಂಡರೆ ಚೆಲ್ಲಿಬಿಡಿ.

ಆಮೇಲೆ ಕುದಿಯುವ ನೀರಿಗೆ ಹಾಕಿ 15–20 ನಿಮಿಷ ಕೈಬಿಡದೆ ತಿರುವಿ. ಇದನ್ನು ಮಾತ್ರ ಮರೀಬೇಡಿ, ಬೇಳೆ ಅರೆಬೆಂದರೆ ಹೊಟ್ಟೆ ಉಬ್ಬರಿಸುತ್ತೆ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕುಡಿಯಿರಿ.